ಝಗ್ರಾನನ ಗಂಟಲು

ದೆಹಲಿಯ ಕನ್ನಡಿಗರಲ್ಲಿ ಹಂಸಿನಿಯ ದನಿ ಕೇಳದವರು ಕಡಿಮೆ. ರಾಜ್ಯೋತ್ಸವವಿರಲಿ, ಯಾರದೋ ಪುಸ್ತಕ ಬಿಡುಗಡೆಯಿರಲಿ, ಮೈಕಿನ ಮುಂದೆ ಅವಳೇ ಇರುತ್ತಿದ್ದಳು. ಇಪ್ಪತ್ತಾರು ವರ್ಷ ಸ್ವಾಗತದಿಂದ ವಂದನಾರ್ಪಣೆಯವರೆಗೆ ಒಂದೇ ಹದದಲ್ಲಿ, ಒಂದು ಸಲವೂ ಏರುದನಿ ಮಾಡದೆ ನಿರೂಪಣೆ ಮಾಡಿದ್ದಳು. ಐವತ್ತೊಂದನೆಯ ವಯಸ್ಸಿನಲ್ಲಿ ಥೈರಾಯ್ಡ್ ಗಡ್ಡೆ ತೆಗೆಸಬೇಕಾಯಿತು. ದನಿಗೆ ತೊಂದರೆಯಾಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು; ಹಾಗೆಯೇ ಆಯಿತು. ಗಂಟಲಿನಿಂದ ಹೊರಟದ್ದು ಜಲ್ಲಿಯ ಮೇಲೆ ತಗಡು ಎಳೆದಂಥ ಸದ್ದು.

ಫೋನಿನಲ್ಲಿ ಅವಳ ಮಾತು ಕೇಳಿದವರು 'ಸರ್' ಎನ್ನತೊಡಗಿದರು. ಗ್ಯಾಸ್ ಏಜೆನ್ಸಿಯವನು "ಭಾಯಿ ಸಾಹೇಬ್, ಫೋನ್ ಮೇಡಂಗೆ ಕೊಡಿ" ಎಂದ ದಿನ ಅವಳು ಫೋನನ್ನು ಸೋಫಾದ ಮೇಲೆ ಎಸೆದಳು. ಸಮಾರಂಭಗಳ ಕರೆ ನಿಂತಿತು. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನ ಎರಡು ಕೋಣೆಗಳ ನಡುವೆ ಅವಳು ದಿನವಿಡೀ ಓಡಾಡುವುದನ್ನು ಕಂಡು ಗಂಡ ಶ್ರೀವತ್ಸ, "ಸ್ವಲ್ಪ ಕೂತ್ಕೋ ಮಾರಾಯ್ತಿ, ನೋಡೋಕೇ ನಂಗೆ ಕಾಲು ನೋವು ಬರ್ತಿದೆ" ಎನ್ನುತ್ತಿದ್ದ. ಅವಳು ಕೂರುತ್ತಿರಲಿಲ್ಲ.

ನೋಯ್ಡಾದ ಸ್ಟುಡಿಯೋ ಒಂದಕ್ಕೆ ಅವಳು ಮಕ್ಕಳ ಕಾರ್ಟೂನುಗಳನ್ನು ಕನ್ನಡಕ್ಕೆ ಅನುವಾದಿಸಿಕೊಡುತ್ತಿದ್ದಳು. ಒಂದು ಸಂಭಾಷಣೆಯ ಬಗ್ಗೆ ಕೇಳಲು ಫೋನ್ ಮಾಡಿದಾಗ ತೆಗೆದವನು ಹೊಸದಾಗಿ ಬಂದ ಡಬ್ಬಿಂಗ್ ನಿರ್ದೇಶಕ, ದಾವಣಗೆರೆಯ ಚರಣ್.

"ಸರ್, ನೀವೇ ಯಾಕೆ ಡಬ್ಬಿಂಗ್ ಮಾಡಬಾರ್ದು?"

"ಸರ್ ಅಲ್ಲ. ನಾನು ಹಂಸಿನಿ."

"ಹಾಗಾದ್ರೆ ಇನ್ನೂ ಒಳ್ಳೇದು, ಮೇಡಂ. ನಾಳೆ ಬನ್ನಿ."

ಗಾಡಿಗಳು ರೋಬೋಗಳಾಗಿ ಎದ್ದು ನಿಂತು ಬಡಿದಾಡುವ ಕಾರ್ಟೂನ್ ಅದು. ಅದೇ ಗಾಡಿಗಳ ಆಟಿಕೆಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಹಂಸಿನಿಗೆ ಸಿಕ್ಕಿದ್ದು ಝಗ್ರಾನ್. ಕೆಟ್ಟವರ ಪಡೆಯಲ್ಲಿ ಅವನದು ಏಳನೆಯ ಸ್ಥಾನ. ಕಾರುಗಳನ್ನು ಕೊಕ್ಕೆ ಹಾಕಿ ಎಳೆದೊಯ್ಯುವ ಕ್ರೇನ್ ಗಾಡಿ, ಎದ್ದು ನಿಂತರೆ ಒಕ್ಕೈ ರಾಕ್ಷಸ. ಪ್ರತಿ ಕಂತಿನಲ್ಲೂ ಒಂದು ಹಂಚಿಕೆ ಹೂಡುತ್ತಾನೆ, ಅದು ಕೆಡುತ್ತದೆ, ಒಳ್ಳೆಯವರಿಂದ ಒದೆ ತಿಂದು ಬಂದು ತನ್ನ ಒಡೆಯನಿಂದ ಬೈಸಿಕೊಳ್ಳುತ್ತಾನೆ. ಎಲ್ಲ ಸೇರಿ ಎರಡು ಮೂರು ನಿಮಿಷದ ಪಾತ್ರ.

ಮೊದಲ ದಿನ ಹೆಡ್‌ಫೋನ್ ಹಾಕಿಕೊಂಡು ಅವಳು ಪರದೆ ನೋಡುತ್ತ ನಿಂತಳು. ಝಗ್ರಾನ್ ಬಾಯಿ ತೆರೆದ.

"ಈ ಊರಲ್ಲಿ ಒಂದು ಚಕ್ರವೂ ತಿರುಗಬಾರದು! ಎಲ್ಲ ನನ್ನ ಕೊಕ್ಕೆಗೆ ಬೀಳಲಿ!"

ಕೂಗಿ ಮುಗಿಸಿದಾಗ ಗಾಜಿನಾಚೆ ಚರಣ್ ಹೆಬ್ಬೆರಳೆತ್ತಿದ. ಸರಿಯಾಗಿ ಬಂದಿದ್ದರೂ ಅವಳು "ಇನ್ನೊಂದ್ಸಲ ಮಾಡ್ಲಾ?" ಎಂದು ಕೇಳಿದಳು. ಹಾಗೆ ಕೂಗಿ ಎಷ್ಟು ಕಾಲವಾಗಿತ್ತು ಎಂದು ನೆನೆದಳು. ಕೂಗಿದ ನೆನಪೇ ಇರಲಿಲ್ಲ.

ಈ ನಡುವೆ ಕರೋಲ್ ಬಾಗಿನ ಕ್ಲಿನಿಕ್ಕೊಂದರಲ್ಲಿ ಮಾತಿನ ಚಿಕಿತ್ಸೆಯೂ ನಡೆದಿತ್ತು. ಚಿಕಿತ್ಸೆ ಕೊಡುತ್ತಿದ್ದ ಮೋನಿಷಾ ಕೊಡಗಿನ ಹುಡುಗಿ. ಅಪ್ಪ ಸೈನ್ಯದಲ್ಲಿದ್ದುದರಿಂದ ಬೆಳೆದದ್ದೆಲ್ಲ ದೆಹಲಿಯ ಕಂಟೋನ್ಮೆಂಟಿನಲ್ಲಿ. ನೀರಿನ ಬಾಟಲಿಗೆ ಸ್ಟ್ರಾ ಇಳಿಸಿ, 'ಊ' ಎಂದು ದನಿ ಹೊರಡಿಸುತ್ತ ಗುಳ್ಳೆ ಎಬ್ಬಿಸಬೇಕು, ದಿನಕ್ಕೆ ಐದು ಸಲ. ಹಂಸಿನಿ ಏಳು ತಿಂಗಳು ಬಿಡದೆ ಮಾಡಿದ್ದಳು.

ಒಂದು ಬೆಳಿಗ್ಗೆ ಬ್ಯಾಂಕಿನಿಂದ ಬಂದ ಫೋನಿನಲ್ಲಿ ಹುಡುಗಿಯೊಬ್ಬಳು "ಗುಡ್ ಮಾರ್ನಿಂಗ್ ಮೇಡಂ" ಎಂದಳು.

ಹಂಸಿನಿ ಬಚ್ಚಲಿಗೆ ಹೋಗಿ ಕನ್ನಡಿಯ ಮುಂದೆ "ವೇದಿಕೆಯ ಮೇಲಿರುವ ಗಣ್ಯರೇ" ಎಂದು ನೋಡಿದಳು. ಹಳೆಯ ದನಿ ಅಂಚು ಸವೆದಿದ್ದರೂ ಗುರುತು ಸಿಗುವಂತೆ ಮರಳಿ ಬರುತ್ತಿತ್ತು. ಸಂತೋಷವಾಗಬೇಕಿತ್ತು. ಆದರೆ ಝಗ್ರಾನನಂತೆ "ಎಲ್ಲ ನನ್ನ ಕೊಕ್ಕೆಗೆ ಬೀಳಲಿ!" ಎಂದು ನೋಡಿದಾಗ ಆ ಅಬ್ಬರ ಬರಲಿಲ್ಲ.

ಆ ವಾರ ರೆಕಾರ್ಡಿಂಗಿನಲ್ಲಿ ಚರಣ್ ಎರಡು ಸಲ ತಡೆದ. "ಮೇಡಂ, ಇವತ್ತು ಝಗ್ರಾನ್ ಯಾಕೋ ಮೆತ್ತಗಾಗಿದ್ದಾನೆ. ಶೀತಾನಾ?" ಅವಳು ಗಂಟಲು ಬಿಗಿ ಹಿಡಿದು ಹೇಗೋ ಮುಗಿಸಿಕೊಟ್ಟಳು.

ಮರುದಿನದಿಂದ ಗುಳ್ಳೆ ಎಬ್ಬಿಸುವುದು ನಿಂತಿತು. ಶ್ರೀವತ್ಸ ಆಫೀಸಿಗೆ ಹೋದಮೇಲೆ ಕಿಟಕಿ ಮುಚ್ಚಿ, ದಿಂಬಿಗೆ ಮುಖವೊತ್ತಿ ಕಿರುಚುತ್ತಿದ್ದಳು. ಐಸ್ ನೀರು ಕುಡಿದಳು, ಮೆಣಸಿನಕಾಯಿ ಉಪ್ಪಿನಕಾಯಿಯನ್ನು ಬರೀ ಬಾಯಲ್ಲಿ ತಿಂದಳು. ತರಕಾರಿ ಗಾಡಿಯ ಭಯ್ಯಾನ ಜೊತೆ ಎರಡು ನಿಂಬೆಹಣ್ಣಿಗಾಗಿ ಜಗಳ ತೆಗೆದಳು; ಅವನು ಕಕ್ಕಾಬಿಕ್ಕಿಯಾಗಿ ಮೂರು ಕೊಟ್ಟು ಕಳಿಸಿದ. ಮನೆಗೆ ಬಂದು ಅವಳು ನಾಚಿಕೊಂಡಳು. ಆದರೆ ದನಿ ಒರಟಾಗಿತ್ತು. ಆ ವಾರ ಝಗ್ರಾನ್ ಚೆನ್ನಾಗಿ ಅಬ್ಬರಿಸಿದ.

ಮೋನಿಷಾ ಸಣ್ಣ ಕ್ಯಾಮೆರಾದಲ್ಲಿ ಗಂಟಲು ನೋಡಿ ಕೈಗವಸು ಕಳಚಿ ಮೇಜಿನ ಮೇಲೆ ಹಾಕಿದಳು.

"ಆಂಟಿ, ಇದೇನ್ ಮಾಡ್ಕೊಂಡಿದ್ದೀರಾ? ಪೂರಾ ಸೂಜಾ ಹುವಾ ಹೈ. ಊದ್ಕೊಂಡಿದೆ. ಹೀಗೇ ಮಾಡಿದ್ರೆ ಗಂಟು ಬರುತ್ತೆ. ಆಮೇಲೆ ಪಿಸುಮಾತೂ ಬರಲ್ಲ."

"ಡಬ್ಬಿಂಗಿಗೆ ಆ ದನಿಯೇ ಬೇಕಲ್ಲಮ್ಮ."

"ಅಚ್ಛಾ? ಒಂದು ಕಾರ್ಟೂನಿಗೋಸ್ಕರ?"

"ಮುಂಚೆ ಮೈಕಿನ ಮುಂದೆ ಬಂದವರನ್ನೆಲ್ಲ ಹೊಗಳ್ತಿದ್ದೆ. ಕುರ್ಚಿ ಕಾಲು ಮುರಿದು ಅಧ್ಯಕ್ಷರು ಬಿದ್ದಾಗ್ಲೂ ನಗುನಗುತ್ತಾ ಮುಂದಿನ ಕಾರ್ಯಕ್ರಮ ಹೇಳ್ದೆ. ಇವನು ಸೋಲ್ತಾನೆ, ಒದೆ ತಿಂತಾನೆ, ಆದ್ರೂ ಬಾಯಿ ತುಂಬಾ ಬೈತಾನೆ. ನಂಗೆ ಹಿಡಿಸಿಬಿಡ್ತು. ಅಷ್ಟೇ."

ಮೋನಿಷಾ ನಗಲಿಲ್ಲ. "ಬೈಯೋದಕ್ಕೆ ಗಂಟಲು ಒಡ್ಕೋಬೇಕಾಗಿಲ್ಲ, ಆಂಟಿ. ಹದಿನೈದು ದಿನ ಮಾತೇ ಬೇಡ. ಆಮೇಲೆ ನೋಡೋಣ."

ಆ ಹದಿನೈದು ದಿನ ಹಂಸಿನಿ ಮೂಗಿಯಂತೆ ತಿರುಗಾಡಿದಳು. ಶ್ರೀವತ್ಸನಿಗೆ ಹೇಳಬೇಕಾದದ್ದನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸುತ್ತಿದ್ದಳು. ಹನ್ನೊಂದನೆಯ ದಿನ ಕಿರುಚಾಟ, ಐಸ್ ನೀರು ಎಲ್ಲವನ್ನೂ ಬರೆದಳು. ಅವನು ಕನ್ನಡಕ ಏರಿಸಿ ಎರಡು ಸಲ ಓದಿದ.

"ನಂಗೆ ಒಂದು ಮಾತು ಹೇಳಬಾರ್ದಿತ್ತಾ?" ಎಂದು ಕೇಳಿ, ಕ್ಯಾಲೆಂಡರನ್ನು ಮಡಿಚಿಟ್ಟು, "ಚರಣ್‌ಗೆ ನಿಜ ಹೇಳು" ಎಂದ.

ಹೇಳಿದಳು. ಅಷ್ಟರಲ್ಲಿ ಹದಿನೈದು ದಿನ ಕಳೆದು ಹಳೆಯ ಮೆದು ದನಿ ಮರಳಿತ್ತು. ಚರಣ್ ಪರಿಹಾರವಾಗಿ, ಒಳ್ಳೆಯವರ ಕಡೆಯ ರಾಣಿ ರೋಬೋದ ಪಾತ್ರ ಕೊಡುವುದಾಗಿ ಹೇಳಿದ. "ಶಾಂತವಾದ ಪಾತ್ರ, ಮೇಡಂ. ನಿಮ್ಮ ಈಗಿನ ದನಿಗೆ ಹೇಳಿ ಮಾಡಿಸಿದ ಹಾಗಿದೆ." ಹಂಸಿನಿ ಬೇಡವೆಂದಳು. ಹಾಗಾದರೆ ಝಗ್ರಾನನಿಗೆ ಹೊಸಬನೊಬ್ಬನನ್ನು ತಯಾರು ಮಾಡಿಕೊಡಿ, ನಿರ್ದೇಶಕರ ಕುರ್ಚಿಯಲ್ಲಿ ಕೂರಿ ಎಂದ. ಅದಕ್ಕೆ ಒಪ್ಪಿದಳು.

ಬಂದವನು ವಿಕ್ರಮ್, ದೆಹಲಿಯಲ್ಲಿ ಇತಿಹಾಸದ ಸಂಶೋಧನೆ ಮಾಡುತ್ತಿದ್ದ ಶಿವಮೊಗ್ಗದವನು. ದನಿ ದಪ್ಪ, ಸ್ವಭಾವ ಮೃದು. 'ನಿಮ್ಮನ್ನು ಪುಡಿ ಮಾಡುತ್ತೇನೆ' ಎನ್ನುವುದನ್ನು ಅವನು ಭಾಷಣ ಸ್ಪರ್ಧೆಯಲ್ಲಿ ಹೇಳುವ ಹಾಗೆ ಹೇಳಿದ.

"ವಿಕ್ರಮ್, ನಿಮಗೆ ಯಾರ ಮೇಲೂ ಸಿಟ್ಟೇ ಇಲ್ವಾ?"

"ಇದೆ ಮೇಡಂ. ನನ್ನ ಗೈಡ್ ಮೇಲೆ."

"ಅವರನ್ನೇ ಎದುರಿಗೆ ನಿಲ್ಲಿಸ್ಕೊಳ್ಳಿ. ಆದ್ರೆ ನೆನಪಿರ್ಲಿ, ಝಗ್ರಾನ್‌ಗೆ ಸೋಲ್ತೀನಿ ಅಂತ ಗೊತ್ತು. ಗೊತ್ತಿದ್ದೂ ಕೂಗ್ತಾನೆ."

ಒಂಬತ್ತನೆಯ ಸಲಕ್ಕೆ ವಿಕ್ರಮನ ಗಂಟಲಿನಿಂದ ಬೇರೆಯದೇ ಸದ್ದು ಬಂತು. ಚರಣ್ "ಓಕೆ!" ಎಂದ. ಹಂಸಿನಿ ಕುರ್ಚಿಯಿಂದ ಎದ್ದು ನಿಂತಿದ್ದಳು. "ಇನ್ನೂ ಇಲ್ಲ. ಮತ್ತೊಮ್ಮೆ" ಎಂದಳು. ಅವನದು ಚೆನ್ನಾಗಿಯೇ ಇತ್ತು, ಅವಳಿಗೂ ಗೊತ್ತಿತ್ತು. ಮೈಕಿನ ಮುಂದೆ ತಾನಿಲ್ಲವಲ್ಲ ಎಂಬುದು ಮಾತ್ರ ಒಳಗೆ ಕೊರೆಯುತ್ತಿತ್ತು.

ಅಕ್ಟೋಬರಿನಲ್ಲಿ ಕನ್ನಡ ಬಳಗದ ಇಂದಿರಾ ಫೋನ್ ಮಾಡಿದರು. "ದನಿ ಸರಿಹೋಯ್ತಂತೆ, ಎಂಥಾ ಒಳ್ಳೇ ಸುದ್ದಿ! ಈ ಸಲದ ರಾಜ್ಯೋತ್ಸವಕ್ಕೆ ನೀವೇ ನಿರೂಪಣೆ."

"ಇಲ್ಲ ಇಂದಿರಾ, ಇನ್ನು ಆಗಲ್ಲ."

"ಯಾಕ್ರೀ? ಇನ್ನೂ ನೋವಿದೆಯಾ?"

"ನೋವಿಲ್ಲ. ಮನಸ್ಸಿಲ್ಲ."

ಹಂಸಿನಿ ಸಮಜಾಯಿಷಿ ಕೊಡದೆ ಫೋನ್ ಇಟ್ಟಳು. ಆಮೇಲೆ ಕೋಣೆಯಿಂದ ಕೋಣೆಗೆ ಸುಮಾರು ಹೊತ್ತು ಓಡಾಡಿದಳು. ಶ್ರೀವತ್ಸ ಕೂತ್ಕೋ ಎನ್ನದೆ ಪೇಪರ್ ಓದುತ್ತಿದ್ದ.

ಈಗ ಅವಳು ವಾರಕ್ಕೆ ಮೂರು ದಿನ ನೋಯ್ಡಾಕ್ಕೆ ಹೋಗುತ್ತಾಳೆ. ವಿಕ್ರಮ್ ಪಳಗಿದ್ದಾನೆ, ಅವನಿಗೆ ಹೇಳಿಕೊಡಲು ಹೆಚ್ಚೇನೂ ಉಳಿದಿಲ್ಲ. ಬೇರೆ ಪಾತ್ರಗಳಿಗೂ ಅವಳದೇ ನಿರ್ದೇಶನ. ಆದರೂ ಮರಳುವಾಗ ಮೆಟ್ರೋದ ಮಹಿಳೆಯರ ಬೋಗಿಯಲ್ಲಿ ಸೀಟು ಸಿಕ್ಕರೂ ಅವಳಿಂದ ಕೂರಲಾಗುವುದಿಲ್ಲ. ಕಂಬ ಹಿಡಿದು ನಿಂತು, ಮುಂದಿನ ಕಂತಿನಲ್ಲಿ ಝಗ್ರಾನ್ ಯಾರನ್ನು ಹೇಗೆ ಬೈಯಬೇಕೆಂದು ತುಟಿಯಲ್ಲೇ ಜೋಡಿಸುತ್ತಾಳೆ. ಮೊನ್ನೆ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಅವಳ ಮುಖ ನೋಡಿ, ತನ್ನ ಚೀಲವನ್ನು ಮೆಲ್ಲಗೆ ಇನ್ನೊಂದು ಮಗ್ಗುಲಿಗೆ ಎಳೆದುಕೊಂಡಳು.