ಪಾಲಿಗೆ ಬಂದ ಕಡಲು

ಕಾರವಾರದ ಕಡಲು ನೀಲಿ ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮಳೆಗಾಲದಲ್ಲಿ ಅದು ಹಾಲು ಕಮ್ಮಿ ಬಿದ್ದ ಚಹಾ. ಮಳೆ ಮುಗಿದ ಮೇಲೆ ಬಂಗಡೆ ಮೀನಿನ ಬೆನ್ನಿನ ಬಣ್ಣ. ಕಾಳಿ ನದಿ ಬಂದು ಸೇರುವ ಸದಾಶಿವಗಡದ ಕಡೆ ಒಂದು ನಮೂನೆ ಹಸಿರು, ಬಂದರಿನ ಕಡೆ ಡೀಸೆಲ್ ಚೆಲ್ಲಿದ ಮಿಂಚು. ಇಷ್ಟೆಲ್ಲ ಗೊತ್ತಿದ್ದ ನಾನು ಕುಂಚ ಹಿಡಿದರೆ ಮಾತ್ರ ಪ್ರತಿ ಸಲವೂ ಕ್ಯಾಲೆಂಡರಿನ ಕಡಲೇ ಮೂಡುತ್ತಿತ್ತು. ಏನು ಹೇಳಲಿ!

ನಾನು ಆಗ ಅಂಕೋಲೆಯ ಶಾಲೆಯೊಂದರಲ್ಲಿ ಚಿತ್ರಕಲೆಯ ಟೀಚರು. ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲ ಅದು. ಭಾನುವಾರ ಬೆಳಗಾದರೆ ಕಾಗದದ ಸುರುಳಿ ಬಗಲಿಗೇರಿಸಿ ಕಾರವಾರದ ಬಸ್ಸು ಹತ್ತುತ್ತಿದ್ದೆ. ‘ಅಕ್ಕೋರೆ, ಚಾಪೆ ತಕ್ಕಂಡು ಯಾರ ಮನೆಗೆ ಹೊಂಟ್ರಿ?’ ಎಂದು ಕಂಡಕ್ಟರ್ ತಪ್ಪದೆ ಕೇಳುತ್ತಿದ್ದ. ನಾನು ತಪ್ಪದೆ ಮುಖ ಸಿಂಡರಿಸುತ್ತಿದ್ದೆ. ಬಿಣಗಾ ಘಟ್ಟದ ತಿರುವಿನಲ್ಲಿ ಕಡಲು ಕಂಡದ್ದೇ ಸಿಟ್ಟೆಲ್ಲ ಇಳಿದು, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕುತ್ತಿದ್ದೆ. ಅವನು ಅದಕ್ಕೂ ಬೈಯುತ್ತಿದ್ದ.

ಆ ವರ್ಷ ಕಾರವಾರದಲ್ಲಿ ನಮ್ಮ ಜಿಲ್ಲೆಯ ಚಿತ್ರಕಾರರ ಪ್ರದರ್ಶನ ನಿಗದಿಯಾಯಿತು. ಆಯೋಜಕರು ಸಭಾಂಗಣದ ಒಂದಿಡೀ ಗೋಡೆಯನ್ನು ನನಗೆ ಬಿಟ್ಟುಕೊಟ್ಟರು. ಸಂತೋಷಕ್ಕೆ ತಲೆ ತಿರುಗಿ, ‘ಗೋಡೆಯಗಲದ ಕಡಲು ತರುತ್ತೇನೆ’ ಎಂದು ಬೊಗಳೆ ಬಿಟ್ಟುಬಂದೆ. ಸೋಮವಾರ ಚಿತ್ರವನ್ನು ಗೋಡೆಗೆ ತೂಗುಹಾಕಬೇಕು. ಭಾನುವಾರದವರೆಗೂ ನನ್ನ ಬಳಿ ಇದ್ದದ್ದು ಗೋಡೆಯಗಲದ ಬಿಳಿ ಕಾಗದ ಮಾತ್ರ. ಬಿಳಿಯದನ್ನೇ ತೂಗಿದರೆ ಮರ್ಯಾದೆ ಹೋಗುತ್ತದೆ. ಕ್ಯಾಲೆಂಡರ್ ಕಡಲು ತೂಗಿದರೆ ಜನ ‘ಚೆಂದ ಅದೆ’ ಎಂದು ಮುಂದೆ ಹೋಗುತ್ತಾರೆ. ಅದನ್ನು ಕೇಳಿ ಕೇಳಿ ನನಗೆ ಸಾಕಾಗಿತ್ತು. ಈ ದಂಡೆಯವರು ಒಬ್ಬರಾದರೂ ನನ್ನ ಚಿತ್ರದ ಮುಂದೆ ಗಕ್ಕನೆ ನಿಲ್ಲಬೇಕು ಎಂಬುದು ನನ್ನ ಹಟ.

ಆ ಭಾನುವಾರ ಬೆಳಿಗ್ಗೆ ಕಾರವಾರದ ದಂಡೆಯ ಗಾಳಿಮರಗಳ ಕೆಳಗೆ ಕೂತು ಆಗಲೇ ಒಂದು ಉದ್ದನೆಯ ಕಾಗದ ಹಾಳುಮಾಡಿದ್ದೆ. ಆಗ ರಂಪಣಿ ಎಳೆಯುವ ಗದ್ದಲ ಕೇಳಿತು. ದೋಣಿಯೊಂದು ಬಲೆಯನ್ನು ಕಡಲಿನಲ್ಲಿ ಕಮಾನಿನಂತೆ ಬಿಟ್ಟುಬರುತ್ತದೆ. ಎರಡು ತುದಿಯ ಹಗ್ಗಗಳನ್ನು ಹಿಡಿದು ಊರಿಗೆ ಊರೇ ದಂಡೆಗೆ ಎಳೆಯುತ್ತದೆ. ಕಚ್ಚೆ ಸೀರೆಯ ಮುದುಕಿಯೊಬ್ಬಳು ಹಗ್ಗದ ಸಾಲಿನಿಂದಲೇ ನನ್ನನ್ನು ಕೂಗಿದಳು. ವಾರವಾರವೂ ನನ್ನ ಬಣ್ಣದ ಡಬ್ಬಿಯಲ್ಲಿ ಇಣುಕಿ ನನ್ನಿಂದ ಬೈಸಿಕೊಳ್ಳುತ್ತಿದ್ದವಳು ಅವಳೇ.

‘ಅಕ್ಕೋರೆ, ಕೂತ್ಕಂಡು ನೋಡೂದು ಎಂತಕ್ಕೆ? ಬನ್ನಿ, ಕೈ ಹಚ್ಚಿ! ಕೈ ಹಚ್ದವ್ರಿಗೆಲ್ಲ ಪಾಲು ಅದೆ!’

ಹಾಳಾದ ಕಾಗದದ ಮೇಲಿನ ಸಿಟ್ಟು ಇತ್ತಲ್ಲ, ಅದನ್ನು ಹಗ್ಗದ ಮೇಲೆ ತೀರಿಸೋಣವೆಂದು ಹೋದೆ. ಎಳೆಯುತ್ತ ಹಿಂದೆ ಹಿಂದೆ ಬರುವುದು, ಸಾಲಿನ ಕೊನೆ ಮುಟ್ಟಿದರೆ ಕೈ ಬಿಟ್ಟು ಓಡಿ ನೀರಿಗಿಳಿದು ಮತ್ತೆ ಮುಂದಿನಿಂದ ಹಿಡಿಯುವುದು. ಸೊಂಟದ ನೀರಿನಲ್ಲಿ ಹಗ್ಗಕ್ಕೆ ಕೈ ಚಾಚುವಷ್ಟರಲ್ಲಿ ಒಂದು ತೆರೆ ಬಂದು ನನ್ನನ್ನು ಗಿರ‍್ರನೆ ತಿರುಗಿಸಿ ಕೆಡವಿತು. ಉಪ್ಪುನೀರು ಕುಡಿದು, ಕೆಮ್ಮುತ್ತ ಎದ್ದಾಗ ನನ್ನ ಮುಖ ದಂಡೆಯ ಕಡೆಗಿತ್ತು.

ದೇವರೇ! ಅಷ್ಟು ವರ್ಷ ನಾನು ಈ ಊರಿಗೆ ಬೆನ್ನು ಹಾಕಿ ಕೂತಿದ್ದೆ. ಗಾಳಿಮರಗಳ ತಲೆಯ ಮೇಲೆ ಗುಡ್ಡಗಳು ಒತ್ತೊತ್ತಾಗಿ ನಿಂತಿದ್ದವು. ಕೆಳಗೆ ಒದ್ದೆ ಮರಳು, ಮರಳಿನಲ್ಲಿ ಗುಡ್ಡ ತಲೆಕೆಳಗಾಗಿ ಬಿದ್ದಿತ್ತು. ಅದರ ನಡುವೆ ಕಡಲನ್ನೇ ದಂಡೆಗೆ ಎಳೆದು ಹಾಕುವವರ ಹಾಗೆ ಹಿಮ್ಮಡಿ ಊರಿ ಹಿಂದಕ್ಕೆ ವಾಲಿದ ಜನ. ಮೀನು ಕಡಲನ್ನು ಬಿಟ್ಟು ಬರುವಾಗ ಕಾಣುವುದು ಇದೇ ಇರಬೇಕು ಅನ್ನಿಸಿ ನಗು ಬಂತು. ನೀರಿನಲ್ಲಿ ನಿಂತೇ ಜೋರಾಗಿ ನಕ್ಕೆ. ‘ಅಕ್ಕೋರಿಗೆ ನೀರು ತಲೆಗೆ ಏರ‍್ತು!’ ಎಂದು ಯಾರೋ ಕೂಗಿದರು.

ಬಲೆ ದಂಡೆಗೆ ಬಂದದ್ದೇ ತಡ, ಒದ್ದೆ ಸೀರೆಯಲ್ಲೇ ಓಡಿ ಉಳಿದ ಕಾಗದವನ್ನು ಮರಳಿನ ಮೇಲೆ ಬಿಚ್ಚಿದೆ. ಅಷ್ಟರಲ್ಲಿ ಗಾಳಿ ಎದ್ದು ಕಾಗದ ಹಾಯಿಯಂತೆ ಮೇಲೇರಿತು. ಮುದುಕಿ ಬಂದು ಅದರ ಅಂಚಿನ ಮೇಲೆ ಕೂತೇಬಿಟ್ಟಳು. ಅವಳನ್ನು ನೋಡಿ ಇನ್ನೂ ಕೆಲವು ಹೆಂಗಸರು ಬಂದು ಒಬ್ಬೊಬ್ಬರು ಒಂದೊಂದು ಅಂಚು ಹಿಡಿದರು. ನೋಡುವವರು ಹತ್ತಿರ ಬಂದರೆ ಹರಿಹಾಯುವವಳು ನಾನು. ಅಂದು ಅವರ ಮೊಣಕಾಲುಗಳ ನಡುವೆ ತೂರಿ ತೂರಿ ಬಣ್ಣ ಬಳಿದೆ. ಮೊದಲು ಪೆನ್ಸಿಲಿನ ಗೆರೆ, ಆಮೇಲೆ ಬಣ್ಣ ಎಂದು ಮಕ್ಕಳಿಗೆ ಕಲಿಸುವುದೆಲ್ಲ ಮರೆತುಹೋಗಿತ್ತು. ದೊಡ್ಡ ಕುಂಚ ಸಾಲದೆ ಸೆರಗನ್ನೇ ಅದ್ದಿ ಗುಡ್ಡ ಎಳೆದೆ. ಹಗ್ಗಕ್ಕೆ ಉಜ್ಜಿದ ಅಂಗೈ ಉರಿಯುತ್ತಿತ್ತು, ಅದರಿಂದಲೇ ಮರಳಿನ ಬಣ್ಣ ತೀಡಿದೆ. ಮುಗಿಸಿ ನೋಡಿದೆ. ಚಿತ್ರ ಬಂದಿತ್ತು! ಕುಣಿಯಬೇಕು ಅನ್ನಿಸಿತು, ಕುಣಿದೆ ಕೂಡ.

ಅತ್ತ ಮೀನನ್ನು ಗುಪ್ಪೆ ಗುಪ್ಪೆಯಾಗಿ ಪಾಲು ಹಾಕಿದ್ದರು. ಹಗ್ಗ ಮುಟ್ಟಿದ್ದಕ್ಕೆ ನನಗೂ ಒಂದು ಗುಪ್ಪೆ ಬಂಗಡೆ ಸಿಕ್ಕಿತು. ಚೀಲಕ್ಕೆ ತುಂಬಿಕೊಂಡು, ಚಿತ್ರ ಸುತ್ತಲು ಬಗ್ಗಿದೆ. ಮುದುಕಿ ಅಂಚು ಬಿಡಲಿಲ್ಲ.

‘ಇದ್ರ ಪಾಲು ಹಾಕೂದು ಯಾವಾಗ?’ ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ. ‘ಬಲೆಗೆ ಕೈ ಹಚ್ಚಿದ್ರಿ, ಪಾಲು ತಕ್ಕಂಡ್ರಿ. ಇದ್ಕೆ ನಾವು ಕೈ ಹಚ್ಲಿಲ್ವಾ?’

‘ನಾಳೆ ಇದನ್ನು ಗೋಡೆಗೆ ತೂಗಬೇಕಮ್ಮಾ!’

‘ತೂಗಿ. ನಿಮ್ಮ ಪಾಲು ತೂಗಿ.’

ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದೆ. ಚೀಲದಲ್ಲಿ ಬಂಗಡೆಗಳಿನ್ನೂ ಪಟಪಟ ಅನ್ನುತ್ತಿದ್ದವು. ಯಾವ ಬಾಯಿಂದ ಬೈಯಲಿ? ಹೊಟ್ಟೆಯೊಳಗಿಂದ ಮತ್ತೆ ಅದೇ ಹುಚ್ಚು ನಗು ಎದ್ದುಬಂತು. ಪೆನ್ಸಿಲ್ ಹೆರೆಯುವ ಬ್ಲೇಡು ತೆಗೆದೆ. ಗೀರು ಹಾಕಿ ಹಾಕಿ ಚಿತ್ರವನ್ನು ತುಂಡು ತುಂಡು ಮಾಡಿದೆ. ಮೀನಿನ ಪಾಲು ಹಾಕುವ ಕ್ರಮದಲ್ಲೇ ಒಬ್ಬಳು ಬೆನ್ನು ತಿರುಗಿಸಿ ನಿಂತು, ನಾನು ಒಂದೊಂದೇ ತುಂಡು ಎತ್ತಿ ‘ಇದು ಯಾರಿಗೆ?’ ಎಂದಾಗ ನೋಡದೆಯೇ ಒಬ್ಬೊಬ್ಬರ ಹೆಸರು ಹೇಳಿದಳು. ಒಬ್ಬಳಿಗೆ ಗುಡ್ಡ, ಇನ್ನೊಬ್ಬಳಿಗೆ ಗಾಳಿಮರ. ಮುದುಕಿಗೆ ಬಂದದ್ದು ಬರೀ ಆಕಾಶ. ‘ಇದ್ರಲ್ಲಿ ಎಂತದೂ ಇಲ್ವಲೆ!’ ಎಂದು ಗೊಣಗಿದಳು. ನನ್ನ ಪಾಲಿಗೆ ಒದ್ದೆ ಮರಳು, ಅದರಲ್ಲಿ ಊರಿದ ಕೆಲವು ಕಾಲು.

ಮರುದಿನ ಬಾಗಿಲ ಅಗಲದ ಆ ತುಂಡನ್ನು ಗೋಡೆಯ ನಡುವೆ ತೂಗಿದೆ. ಆಯೋಜಕರು ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ‘ಉಳಿದದ್ದು ಎಲ್ಲಿ?’ ಎಂದರು. ‘ಪಾಲಾಯಿತು’ ಎಂದೆ. ಅವರು ನೀರು ಕುಡಿಯಲು ಹೋದರು.

ಮೀನು ಮಾರಿ ಮುಗಿಸಿದ ಮುದುಕಿ ಮಧ್ಯಾಹ್ನ ಪ್ರದರ್ಶನದ ಜಾಗ ಹುಡುಕಿಕೊಂಡು ಬಂದಳು. ಬುಟ್ಟಿಯಲ್ಲಿ ಅವಳ ಆಕಾಶ. ಅದರ ಬದಲಿಗೆ ಬೇರೆ ತುಂಡು ಕೇಳಲೆಂದೇ ಬಂದಿದ್ದಳಂತೆ. ಆದರೆ ನನ್ನ ಚಿತ್ರದ ಮುಂದೆ ಬಂದವಳು ಗಕ್ಕನೆ ನಿಂತಳು. ನಾನು ಎರಡೇ ಎಳೆತದಲ್ಲಿ ಮೂಡಿಸಿದ್ದ ಕಂದು ಕಾಲೊಂದರ ಮೇಲೆ ಬೆರಳಿಟ್ಟಳು.

‘ಇದು ನಾನು. ಎಡಗಾಲು ಹಿಂಗೆ ಅಡ್ಡ ಊರೂದು ನಾ ಒಬ್ಳೆಯ. ನಂಗೆ ಆಕಾಶ ಕೊಟ್ಟು, ನನ್ನ ಕಾಲು ನೀವಿಟ್ಕಂಡ್ರಾ?’

‘ಪಾಲಿನಲ್ಲಿ ಬಂದದ್ದಲ್ಲವೇ?’ ಎಂದೆ. ಕೇಳುವವಳೇ ಅವಳು! ಸಭಾಂಗಣದ ಜನರೆಲ್ಲ ತಿರುಗಿ ನೋಡುವ ಹಾಗೆ ಗಂಟಲೆತ್ತಿದಳು. ಆಯೋಜಕರು ಓಡಿಬಂದರು. ನಾನೇ ಸ್ಟೂಲು ಹತ್ತಿ ಚಿತ್ರ ಇಳಿಸಿ ಕೊಟ್ಟೆ. ಅವಳು ತನ್ನ ಆಕಾಶವನ್ನು ನನ್ನ ಕೈಗಿಟ್ಟು, ಆ ಚಿತ್ರವನ್ನು ಬುಟ್ಟಿಗೆ ಹಾಕಿ, ಬುಟ್ಟಿ ತಲೆಗೇರಿಸಿ ಹೊರಟಳು. ನನ್ನ ಚಿತ್ರವೊಂದಕ್ಕಾಗಿ ಒಬ್ಬರು ಜಗಳಕ್ಕೆ ನಿಂತದ್ದು ಅದೇ ಮೊದಲು. ಮೊಳೆಯ ಮೇಲೆ ಆಕಾಶವನ್ನು ತೂಗಿ, ಅದು ಸೊಟ್ಟಗಿದ್ದರೂ ಹಾಗೇ ಬಿಟ್ಟು, ಅವಳ ಎಡಗಾಲು ನಿಜಕ್ಕೂ ಅಡ್ಡ ಊರುತ್ತದೆಯೇ ಎಂದು ನೋಡಲು ಬಾಗಿಲಿಗೆ ಓಡಿದೆ.