ಕಾಕಾ ಬಿಟ್ಟ ಬಿಳಿ ಧೋತರ

ಮೇ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ಹಾಜರಿದ್ದವರು: ನಾನು, ಸೊಸೆ ರೇಣುಕಾ, ಅಂಗಡಿಯಿಂದ ಬಂದ ಇಬ್ಬರು ಮೆಕ್ಯಾನಿಕ್‌ಗಳು, ಮತ್ತು ಬಾಗಿಲಿಗೆ ಅಡ್ಡವಾಗಿ ಕೂತ ಒಂದು ದೊಡ್ಡ ರಟ್ಟಿನ ಖೋಕಾ. ಖೋಕಾದಲ್ಲಿ ಇದ್ದದ್ದು ಎಸಿ. ತರಿಸಿದ್ದು ನನ್ನ ಮಗ, ಕೇಳಿದ್ದು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನೀವು ನನ್ನನ್ನು ದೊಡ್ಡ ತಪಸ್ವಿನಿ ಎಂದು ತಿಳಿದುಕೊಂಡೀರಿ.

ಬೀದರದ ಈ ಮನೆಯಲ್ಲಿ ನನ್ನ ಕೋಣೆ ಪಶ್ಚಿಮಕ್ಕಿದೆ. ಮಧ್ಯಾಹ್ನ ಎರಡಕ್ಕೆ ಮಲಗುವುದು, ನಾಲ್ಕಕ್ಕೆ ಏಳುವುದು ನನ್ನ ನಿಯಮ. ಭಾಲ್ಕಿಯ ಹಾಸ್ಟೆಲಿನ ಗಂಟೆ ಕಲಿಸಿದ ಶಿಸ್ತನ್ನು ಆಸ್ಪತ್ರೆಯ ಪಾಳಿ ಗಟ್ಟಿ ಮಾಡಿತು. ನರ್ಸ್ ಕೆಲಸದಿಂದ ನಿವೃತ್ತಳಾಗಿ ಎಷ್ಟೋ ವರ್ಷವಾದರೂ ಓಣಿಯವರು ನನ್ನನ್ನು ಸಿಸ್ಟರ್ ಎಂದೇ ಕರೆಯುತ್ತಾರೆ. ನಾನೂ ಮನೆಯನ್ನು ವಾರ್ಡಿನಂತೆಯೇ ನೋಡಿಕೊಳ್ಳುತ್ತೇನೆ. ಹೋದ ಬೇಸಿಗೆಯಲ್ಲಿ ಆ ಕೋಣೆಯ ಛತ್ತು ಕಾದ ಹಂಚಿನಂತಾಗಿತ್ತು. ಒಂದು ದಿನ ನಾಲ್ಕಕ್ಕೆ ಎದ್ದವಳು ಚಕ್ಕರ್ ಬಂದು ಹೊಸ್ತಿಲಲ್ಲಿ ಬಿದ್ದೆ. ಪೆಟ್ಟು ದೊಡ್ಡದಲ್ಲ, ಆದರೆ ಹೆದರಿಕೆ ಖರೆ. ಹಾಗಾಗಿ ಈ ಖೋಕಾ.

ಇಬ್ಬರಲ್ಲಿ ಹಿರಿಯ ಮೆಕ್ಯಾನಿಕ್ ಗೋಡೆ ಅಳೆದ. ಎಸಿಯ ಇನ್ನೊಂದು ಭಾಗವನ್ನು ಹಿಂದಿನ ಗೋಡೆಯ ಹೊರಗೆ ಹಾಕಬೇಕು ಎಂದ. ಏನನ್ನಾದರೂ ಹಾಕುವ ಮುಂಚೆ ಅದು ಏನು ಮಾಡುತ್ತದೆ ಎಂದು ಕೇಳುವುದು ನನ್ನ ಹಳೆಯ ಚಾಳಿ.

"ಅದು ಹೊರಗ ಏನ್ ಮಾಡ್ತದ?"

"ಗರಮ್ ಹವಾ ಬಿಡ್ತದರಿ ಅಮ್ಮಾ. ಒಳಗಿಂದು ಜಗ್ಗಿ ಹೊರಗ ಬಿಡ್ತದ."

"ಹೊರಗ ಅಂದ್ರ ಎಲ್ಲಿ?"

ಅವನು ಸ್ವಲ್ಪ ಯೋಚಿಸಿದ. "ಹೊರಗ ಅಂದ್ರ... ಹೊರಗರಿ."

ಜೊತೆಗಿದ್ದ ಕಿರಿಯವನು ನಗು ನುಂಗಿಕೊಂಡು ಗದ್ದದಿಂದಲೇ ಕಿಟಕಿಯ ಆಚೆ ತೋರಿಸಿದ. ಹಿಂದಿನ ಗೋಡೆಗೂ ಆಚೆಯ ಮನೆಗೂ ನಡುವೆ ಇರುವುದು ಕೈ ಚಾಚಿದರೆ ಮುಗಿಯುವಷ್ಟು ಸಂದಿ. ಆ ಕಡೆ ತಗಡಿನ ಮನೆ, ಒಂದೇ ಕಿಟಕಿ, ಕಿಟಕಿಯ ಕೆಳಗೆ ಬಾಡಿಗೆಗಿರುವ ನಾಗನಾಥನ ಹಾಸಿಗೆ. ಮೆಹಕರದವನು. ಅಲ್ಲಿಯ ಒಣ ಹೊಲ ಎಲ್ಲ ಅಣ್ಣತಮ್ಮಂದಿರಿಗೂ ಸಾಲದೆ ಇಲ್ಲಿಗೆ ಬಂದು ಊರ ಪಕ್ಕದ ಕೊಳಾರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ಊರೆಲ್ಲ ಎದ್ದಾಗ ಮಲಗುತ್ತಾನೆ. ಅಂದರೆ, ನನ್ನ ಕೋಣೆಯಿಂದ ಜಗ್ಗಿದ ಸೆಕೆಯನ್ನು ಈ ಯಂತ್ರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನೆಟ್ಟಗೆ ನಾಗನಾಥನ ಮುಖದ ಮೇಲೆ ಸುರಿಯುತ್ತದೆ.

ಛತ್ತಿನ ಮೇಲೆ ಇಡಬಹುದೇ ಎಂದೆ. ಅಲ್ಲಿಟ್ಟರೂ ಗಾಳಿ ಅವರ ತಗಡಿನ ಮೇಲೇ ಬೀಳುತ್ತದೆ ಎಂದ ಹಿರಿಯವನು. ಮುಂದಿನ ಗೋಡೆಗೆ ಹಾಕಿದರೆ ಎದುರು ಮನೆಯ ಬಾಣಂತಿ ಕೂರುವ ಜಾಗ. "ಯಾರ ಕಡಿಗಾರ ಬಿಡಲೇಬೇಕಲ್ರಿ ಅಮ್ಮಾ," ಎಂದು ನ್ಯಾಯವಾಗಿಯೇ ಹೇಳಿದ.

ನಾನು ನಿಂತ ನಿಲುವಿನಲ್ಲೇ ತೀರ್ಮಾನ ಮಾಡಿದೆ. ಖೋಕಾ ವಾಪಸ್. ಮೆಕ್ಯಾನಿಕ್‌ಗಳಿಗೆ ಚಹಾ. ನನ್ನ ಕಿಟಕಿಗೆ ಲಾವಂಚದ ತಟ್ಟಿ. ಅದಕ್ಕೆ ಅರ್ಧ ಗಂಟೆಗೊಮ್ಮೆ ನೀರು. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಾಗ ನನಗೆ ಬಹಳ ಹಗುರವೆನಿಸಿತು. ತ್ಯಾಗ ಮಾಡಿದವರಿಗೆ ಹಾಗೆ ಅನಿಸುತ್ತದೆ ಎಂದು ಕೇಳಿದ್ದೆ.

ರೇಣುಕಾ ಚಹಾದ ಕಪ್ಪುಗಳನ್ನು ಎತ್ತುತ್ತ ಮೆಲ್ಲಗೆ ಕೇಳಿದಳು: "ಅತ್ತಿ, ತಟ್ಟಿಗಿ ನೀರ ಹೊಡಿಯೋರು ಯಾರ್ರಿ?"

ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಮದುವೆಯ ದಿನಗಳಲ್ಲಿ ಮಷೀನಿನಿಂದ ಏಳಲು ಪುರಸೊತ್ತಿರುವುದಿಲ್ಲ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಪ್ರಶ್ನೆ. ಆದರೆ ಆ ಪ್ರಶ್ನೆ ನನ್ನನ್ನು ನಮ್ಮೂರು ಎಕಂಬಾದ ಒಂದು ಅಡುಗೆಮನೆಗೆ ಎಳೆದುಕೊಂಡು ಹೋಯಿತು. ಅಲ್ಲಿ ನಮ್ಮ ಕಾಕು ಇದೇ ದನಿಯಲ್ಲಿ ಇದೇ ಮಾತನ್ನು ಕಾಕಾನಿಗೆ ಕೇಳಿದ್ದಳು.

ಕಾಕು ಅಂದರೆ ಕಾಕಾನ ಹೆಂಡತಿ, ಕಾಕಾ ಅಂದರೆ ನಮ್ಮಪ್ಪನ ತಮ್ಮ. ಔರಾದಿನ ಒಂದು ಅರಿವೆ ಅಂಗಡಿಯಲ್ಲಿ ಕೆಲಸ. ಎಕಂಬಾದಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವವರು. ಬಿಳಿ ಧೋತರ, ಬಿಳಿ ಅಂಗಿ, ಅದಕ್ಕೆ ಗಂಜಿ, ನೀಲಿ. ಬಸ್ಸಿನಲ್ಲಿ ಸೀಟು ಸಿಕ್ಕರೂ ಮಡಿಕೆ ಕೆಟ್ಟೀತೆಂದು ನಿಂತೇ ಹೋಗುತ್ತಿದ್ದರು. ಗಿರಾಕಿ ಮೊದಲು ಬಟ್ಟೆಯ ಥಾನು ನೋಡುವುದಿಲ್ಲ, ಥಾನು ಬಿಚ್ಚುವವನ ಮೈಮೇಲಿನ ಅರಿವೆ ನೋಡುತ್ತಾನೆ ಎಂಬುದು ಅವರ ಸಿದ್ಧಾಂತ. ಅಂಗಡಿಯ ಸಾಹುಕಾರ ಅವರನ್ನು ತನ್ನ ಗಾದಿಯ ಪಕ್ಕ, ಬಾಗಿಲಿಗೆ ಕಾಣುವಂತೆ ಕೂರಿಸುತ್ತಿದ್ದ. ಅದು ಅವರ ಸಿಂಹಾಸನ.

ನಮ್ಮ ಕಡೆ ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದನ್ನು ಅಲ್ಲೇ ಬಿಟ್ಟು ಬರಬೇಕು, ಮತ್ತೆ ಜನ್ಮದಲ್ಲಿ ಅದನ್ನು ಮುಟ್ಟಬಾರದು ಎಂಬ ಪದ್ಧತಿ ಇದೆ. ಪದ್ಧತಿ ಮಾಡಿದವರು ಜಾಣರು. ಪಾಲಿಸುವವರು ಅವರಿಗಿಂತ ಜಾಣರು. ಹಲ್ಲು ಹೋದವರು ಕಬ್ಬು ಬಿಟ್ಟು ಬಂದದ್ದನ್ನು, ಸಕ್ಕರೆ ಕಾಯಿಲೆಯವರು ಜಿಲೇಬಿ ಬಿಟ್ಟು ಬಂದದ್ದನ್ನು ನಾನು ನೋಡಿದ್ದೇನೆ. ಭಜನೆಯವರ ಜೊತೆ ಕಾಶಿಗೆ ಹೋಗಿ ಬಂದ ಕಾಕಾ ಹಾಗಲಕಾಯಿ ಬಿಟ್ಟು ಬಂದಿದ್ದರು. ಅವರು ಹುಟ್ಟಿದಾಗಿನಿಂದ ಅದನ್ನು ಬಾಯಿಗಿಟ್ಟವರಲ್ಲ. ಕಾಕು ಓಣಿಯ ತುಂಬ ಹೇಳಿಕೊಂಡು ಬಂದಳು: "ನಮ್ಮನ್ಯಾರು ತಮಗ ಬ್ಯಾಡಾದ್ದು ದೇವರಿಗಿ ಕೊಟ್ಟು ಬಂದಾರ. ದೇವರೇ ಪಲ್ಯ ಮಾಡ್ಕೊಂಡು ಉಣ್ಣಲಿ."

ಅದರ ಮರುವರ್ಷ ಬರ ಬಿತ್ತು. ನಾನಾಗ ಭಾಲ್ಕಿಯ ಹಾಸ್ಟೆಲಿನಲ್ಲಿ ಓದುತ್ತಿದ್ದೆ. ಬೇಸಿಗೆ ರಜೆಗೆ ಎಕಂಬಾಕ್ಕೆ, ಕಾಕಾನ ಮನೆಗೆ ಬಂದಿದ್ದೆ. ಬಸ್ಸಿನಿಂದ ಇಳಿದಾಗ ಮೊದಲು ಕಂಡದ್ದು ಬೀಗಗಳು. ಒಂದು ಮನೆ ಹೈದರಾಬಾದಿಗೆ, ಇನ್ನೊಂದು ಪುಣೆಗೆ. ಗೋಡೆ ಕಟ್ಟಲು, ಇಟ್ಟಂಗಿ ಹೊರಲು. ಕಾಕಾ ಕೂಡ ಔರಾದಿನಿಂದ ಒಂದು ಹೊಸ ಬೀಗ ತಂದು ನಡುಮನೆಯ ಮೊಳೆಗೆ ತೂಗುಹಾಕಿದ್ದರು. ಹಿತ್ತಲ ಬಾವಿ ಬತ್ತಿದರೆ ಹೊರಡುವುದು ಎಂದು ಅದರ ಅರ್ಥ. ಕಾಕು ಅದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅವಳ ಕುರಿಗಳಿದ್ದವು, ಹೆಸರಿಟ್ಟು ಕರೆದರೆ ತಿರುಗಿ ನೋಡುವಂಥವು. ಬೀಗ ಬಿದ್ದ ದಿನ ಅವನ್ನು ಸಂತೆಗೆ ಹೊಡೆಯಬೇಕು. "ಬೀಗ ಬಿದ್ದ ಮನಿಗಿ ಗೆದ್ದಲೇ ಮಾಲಕ," ಎನ್ನುತ್ತಿದ್ದಳು. ಮಿರಗದವರೆಗೆ, ಅಂದರೆ ಮೃಗಶಿರಾ ಮಳೆಯವರೆಗೆ, ಬಾವಿಯನ್ನು ಹೇಗಾದರೂ ಮುಟ್ಟಿಸಬೇಕು ಎಂಬುದೊಂದೇ ಅವಳ ಹಟ.

ಒಂದು ಸಂಜೆ ಊಟಕ್ಕೆ ಕೂತಾಗ, ಪ್ರತಿಯೊಬ್ಬರೂ ಒಂದೊಂದು ಬಿಡಬೇಕು ಎಂದಳು. ಬಾವಿಗಾಗಿ. ಹಾಗಲಕಾಯಿ ನಡೆಯುವುದಿಲ್ಲ ಎಂದೂ ಸೇರಿಸಿದಳು. ಅವಳು ಅಂಗಳ ಸಾರಿಸುವುದನ್ನು ಬಿಟ್ಟಳು. ನಾನು ಹಾಸ್ಟೆಲಿನಲ್ಲಿ ಕಲಿತಿದ್ದ ಸಂಜೆಯ ಸ್ನಾನ ಬಿಟ್ಟೆ. ಕಾಕಾ ಎದೆಯ ಮೇಲೆ ಕೈಯಿಟ್ಟು, ಚಹಾ ಬಿಟ್ಟೆ ಎಂದರು. ಚಹಾ ಅವರ ಪ್ರಾಣ. ಕಾಕುವಿಗೂ ಕಣ್ಣಲ್ಲಿ ನೀರು ಬಂತು.

ಮರುದಿನವೇ ಅವರಿಗೆ ತಲೆಶೂಲೆ ಹತ್ತಿತು. ಅಂಗಡಿಯಿಂದ ಬಂದವರು ಹೊರಸಿನ ಮೇಲೆ ಬಿದ್ದು ನರಳುವುದು. ಕಾಕು ಹಣೆಗೆ ಒದ್ದೆ ಬಟ್ಟೆ ಹಾಕುವುದು. ಅದು ಬಿಸಿಯಾಯಿತೆಂದು ಮತ್ತೆ ತೊಯ್ಸುವುದು. ನಡುನಡುವೆ ಜೀರಿಗೆ ಕಷಾಯ. ಒಂದು ಕಪ್ ಚಹಾದ ಬದಲಿಗೆ ಒಂದು ತಂಬಿಗೆ ನೀರು, ಆಮೇಲೆ ಎರಡು ತಂಬಿಗೆ. ಇಷ್ಟರ ಮೇಲೆ ಬೆಳಿಗ್ಗೆ ಧೋತರ ಮಾತ್ರ ಎಂದಿನಂತೆ ಬೆಳ್ಳಗೆ ಇರಬೇಕು. ಒಗೆಯಲು ಒಂದು ಕೊಡ, ಜಾಲಿಸಲು ಇನ್ನೊಂದು ಕೊಡ. ಬಾವಿಯಲ್ಲಿ ಕೆಸರು ಬರತೊಡಗಿದ್ದರಿಂದ ಆ ಕೊಡಗಳನ್ನು ಕಾಕು ಹಳ್ಳದ ಆಚೆಯ ಹೊಲದ ಬಾವಿಯಿಂದ ತಲೆಯ ಮೇಲೆ ಹೊತ್ತು ತರುತ್ತಿದ್ದಳು.

ಮೂರ್ನಾಲ್ಕು ದಿನ ನೋಡಿ, ಚಹಾ ಮಾಡಿ ಅವರ ಮುಂದಿಟ್ಟಳು.

"ಬಿಟ್ಟೀನಲ್ಲ," ಎಂದರು ಕಾಕಾ ಕ್ಷೀಣವಾಗಿ.

"ಬಿಟ್ಟವರು ನೀವರಿ, ಹೊತ್ತಾಕಿ ನಾ. ನೀವು ಬಿಟ್ಟಿದ್ದಕ್ಕ ನೀರು ಹೊರೋರು ಯಾರ್ರಿ? ಮೊದಲ ಕುಡೀರಿ."

ಕಾಕಾ ಕುಡಿದರು. ತಲೆಶೂಲೆ ನಿಂತಿತು.

ಆ ವಾರವೇ ಹಳ್ಳದ ದಂಡೆಯಲ್ಲಿ ಕಾಕುವಿನ ಕಾಲು ಉಳುಕಿತು. ನನಗೆ ಆ ಬಾವಿಯ ಆಳಕ್ಕೆ ಇಳಿಯುವ ಧೈರ್ಯವಿರಲಿಲ್ಲ. ಗಂಡಸರು ಕೊಡ ಹೊರುವ ರೂಢಿ ಊರಲ್ಲಿರಲಿಲ್ಲ. ಹೊತ್ತರೆ ಮುಗಿಯಿತು, ಜನ್ಮಕ್ಕಂಟುವ ಅಡ್ಡಹೆಸರು ಬೀಳುತ್ತದೆ. ಕಾಕಾ ಬೆಳಿಗ್ಗೆ ಬಿಳಿ ಧೋತರದಲ್ಲೇ ಕೊಡ ಎತ್ತಿಕೊಂಡು ಹೊರಟರು. ನಾನು ಹಿಂದೆ ಹೋದೆ. ತಲೆಯ ಮೇಲೆ ನಿಲ್ಲಲಿಲ್ಲ, ಹೆಗಲಿಗೇರಿಸಿದರು. ಹೆಗಲಿನಿಂದ ಜಾರಿತು, ಎದೆಗವಚಿಕೊಂಡರು. ಕಟ್ಟೆಯ ಮೇಲೆ ಕೂತಿದ್ದವರಲ್ಲೊಬ್ಬ ಕೇಳಿದ: "ಏನಪಾ, ಸಾಹುಕಾರ ಅಂಗಡಿ ಬಿಡಿಸಿ ನೀರಿಗಿ ಹಚ್ಯಾನೇನು?"

ಕಾಕಾ ನಿಂತು ಉಸಿರು ತಗೊಂಡರು. "ಹೂಂ. ಪಗಾರ ಇಲ್ಲ, ಊಟ ಅದ. ಬರ್ತಿ ಏನು?"

ಮನೆ ಮುಟ್ಟಿದಾಗ ಅರ್ಧ ಕೊಡ ಧೋತರದ ಮೇಲಿತ್ತು, ಅದರ ಮೇಲೆ ಹಳ್ಳದ ಕೆಸರು. ಅವರು ಕೊಡ ಇಳಿಸಿ ಅದರ ಪಕ್ಕದಲ್ಲೇ ಕೂತುಬಿಟ್ಟರು. ಒಮ್ಮೆ ಕೊಡ ನೋಡುವುದು, ಒಮ್ಮೆ ಧೋತರ ನೋಡುವುದು. ಆಮೇಲೆ ಕಾಕುವನ್ನು ಕೇಳಿದರು: "ಇದನ್ನ ಒಗಿಲಾಕ ಇಂಥವು ಎರಡು ಕೊಡ ಬೇಕೇನು?"

"ದಿನಾ," ಎಂದಳು ಕಾಕು.

ಮರುದಿನ ಕಾಕಾ ಔರಾದಿಗೆ ಹೋದದ್ದು ಮಣ್ಣಿನ ಬಣ್ಣದ ಲುಂಗಿ ಉಟ್ಟುಕೊಂಡು. ಬಿಳಿ ಧೋತರಗಳನ್ನು ಮಡಿಸಿ ಟ್ರಂಕಿಗೆ ಹಾಕಿ, "ಬಿಳೇದು ಮಿರಗದ ಮ್ಯಾಲ," ಎಂದರು. ಸಾಹುಕಾರ ಅವರನ್ನು ಮೇಲಿಂದ ಕೆಳಗೆ ನೋಡಿ, ಗಾದಿಯ ಪಕ್ಕದಿಂದ ಎಬ್ಬಿಸಿ, ಹಿಂದಿನ ಕತ್ತಲೆ ಕೋಣೆಯಲ್ಲಿ ಅರಿವೆಯ ಗಂಟು ಬಿಚ್ಚುವ ಕೆಲಸಕ್ಕೆ ಹಚ್ಚಿದ. ಇದನ್ನು ಅವರು ನಮಗೆ ಹೇಳಲಿಲ್ಲ. ಅರಿವೆ ತರಲು ಹೋದ ಓಣಿಯವರು ನೋಡಿ ಬಂದು ಹೇಳಿದರು. ಅಂದು ಕಾಕು ಉಳುಕಿದ ಕಾಲಿನಲ್ಲೇ ಎದ್ದು ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿದಳು. ಕಾಲು ನೆಟ್ಟಗಾದ ಮೇಲೂ ಬೆಳಗಿನ ಕೊಡ ಕಾಕಾನದೇ ಆಯಿತು. ಕಟ್ಟೆಯ ಮೇಲಿನವರಲ್ಲಿ ಒಂದಿಬ್ಬರು ಸೈಕಲ್ಲಿಗೆ ಕೊಡ ಕಟ್ಟತೊಡಗಿದರು. ಸೈಕಲ್ ನಡುವೆ ಇದ್ದರೆ ಮಾನ ಉಳಿಯುತ್ತದೆ ಎಂದು ಅವರ ಲೆಕ್ಕ.

ಮಳೆಗೆ ಕಾಕಾನ ಧೋತರದ ಹಂಗಿರಲಿಲ್ಲ. ಮಿರಗ ಒಣಗಿಯೇ ಹೋಯಿತು, ಮಳೆ ಅದರ ಮುಂದಿನ ನಕ್ಷತ್ರಕ್ಕೆ ಬಂತು. ಆದರೆ ಹಿತ್ತಲ ಬಾವಿಯ ತಳದಲ್ಲಿ ಕುರಿಗಳಿಗೆ ಸಾಲುವಷ್ಟು ನೀರು ಅಲ್ಲಿಯವರೆಗೂ ಉಳಿದಿತ್ತು. ನಮ್ಮ ಓಣಿಯಲ್ಲಿ ಬೀಗ ಬೀಳದ ಮನೆಗಳಲ್ಲಿ ಅದೊಂದು. ಮೊಳೆಗಿದ್ದ ಆ ಬೀಗವನ್ನು ಕಾಕು ಉಪ್ಪಿನಕಾಯಿ ಭರಣಿಯ ಬಟ್ಟೆ ಹಾರದಂತೆ ಮೇಲೆ ಇಡುತ್ತಿದ್ದಳು. ಕಾಕಾ ಗಾದಿಯ ಪಕ್ಕಕ್ಕೆ ಮರಳಿದ್ದು ದೀಪಾವಳಿಯ ವ್ಯಾಪಾರದ ಹೊತ್ತಿಗೆ. ಅಷ್ಟರಲ್ಲಿ ಆ ಸಿಂಹಾಸನದಲ್ಲಿ ಇನ್ನೊಬ್ಬ ಅರ್ಧ ಜಾಗ ಹಿಡಿದಿದ್ದ.

ಇಷ್ಟೂ ನೆನಪಾಗಿ ಮುಗಿಯುವ ಹೊತ್ತಿಗೆ ಖೋಕಾ ಓಣಿಯ ತಿರುವು ದಾಟಿತ್ತು. ರೇಣುಕಾ ಇನ್ನೂ ಕಪ್ಪು ಹಿಡಿದು ನಿಂತಿದ್ದಳು. ತಟ್ಟಿ ಬೇಡ ಎಂದೆ.

ಆಮೇಲೆ ಮಗನ ಫೋನು ಬಂತು. ಅಂಗಡಿಯವರು ಅವನಿಗೆ ವರದಿ ಒಪ್ಪಿಸಿದ್ದರು. ಹೋದ ವರ್ಷ ಬಿದ್ದದ್ದು ಮರೆತೆಯಾ ಎಂದು ಸಿಟ್ಟಾದ, ಆ ಸಿಟ್ಟು ಪ್ರೀತಿಯದೇ. ಕೊನೆಗೆ ಅಂದ: "ಅವ್ವಾ, ನೀ ಒಬ್ಬಾಕಿ ಎಸಿ ಬಿಟ್ರ ಲೋಕದ ಸೆಕಿ ಕಡಿಮಿ ಆಗ್ತದೇನು?"

"ಇಲ್ಲ," ಎಂದೆ. "ನಾಗನಾಥನ ಕಿಟಕಿದಾಗ ಆಗ್ತದ."

ಭೂಮಿ ವರ್ಷವರ್ಷವೂ ಹೆಚ್ಚು ಕಾಯುತ್ತಿದೆ ಎಂದು ಪೇಪರಿನಲ್ಲಿ ನಾನೂ ಓದುತ್ತೇನೆ. ದೊಡ್ಡವರು ಬಿಡಬೇಕಾದದ್ದು ದೊಡ್ಡದಿದೆ. ಅವರ ಪಾಲನ್ನು ನಾನು ಬಿಟ್ಟು ತೀರಿಸಲಾರೆ. ಎಸಿ ಯಾರಿಗೂ ಬೇಡ ಎಂದೂ ಅನ್ನುವುದಿಲ್ಲ. ತಂಪು ಕೋಣೆಯಲ್ಲಿಟ್ಟು ಉಳಿಸಿಕೊಂಡ ಕೂಸುಗಳನ್ನು ಈ ಕೈಯಲ್ಲೇ ಎತ್ತಿದ್ದೇನೆ. ನನಗೆ ತಿಳಿದದ್ದು ಇಷ್ಟೇ: ಲೋಕದ ಸೆಕೆ ಎಂಬುದಕ್ಕೆ ನನ್ನ ಮನೆಯ ಹಿಂದೆ ಒಂದು ಸಂದಿ ಇದೆ, ಮತ್ತು 'ಹೊರಗೆ' ಎನ್ನುವ ಊರಿನಲ್ಲಿ ಯಾರೋ ಒಬ್ಬರು ಮಲಗಿರುತ್ತಾರೆ.

ಆದರೂ ಬೀಳುವುದು ಒಳ್ಳೆಯದಲ್ಲ. ಹಾಗಾದರೆ ನಾನು ಬಿಡಬೇಕಾದದ್ದು ಏನು? ಎಸಿ ನನ್ನ ಹಾಗಲಕಾಯಿ; ಒಂದು ದಿನವೂ ಅನುಭವಿಸದ್ದನ್ನು ಬಿಟ್ಟರೆ ಏನು ಬಿಟ್ಟ ಹಾಗೆ? ನನಗೆ ಪ್ರಾಣವಾಗಿರುವುದು ಆ ಪಶ್ಚಿಮದ ಕೋಣೆ, ಮುಚ್ಚಿದ ಬಾಗಿಲು, ಎರಡರಿಂದ ನಾಲ್ಕರವರೆಗಿನ ನಿಶ್ಶಬ್ದ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ನಡುಮನೆ. ಅಲ್ಲಿ ರೇಣುಕಾಳ ಮಷೀನು ಇದೆ, ಟಿವಿ ಇದೆ, ಅವಳ ಗಿರಾಕಿಗಳು ಬಂದು ಕೂತು ಕುಪ್ಪಸದ ಕೊರಳಿನ ಬಗ್ಗೆ ಗಂಟೆಗಟ್ಟಲೆ ಚರ್ಚಿಸುತ್ತಾರೆ. ಬೇಸಿಗೆ ಮುಗಿಯುವವರೆಗೆ ನನ್ನ ಮಂಚ ಅಲ್ಲಿಗೆ ಬರಬಹುದೇ ಎಂದು ಅವಳನ್ನು ಕೇಳಿದೆ. ಈ ಸಲ ಹೇಳಲಿಲ್ಲ, ಕೇಳಿದೆ. ಅವಳು ನಕ್ಕು, ಟಿವಿ ಸಣ್ಣಗೆ ಇಡುತ್ತೇನೆ ಅಂದಳು. ಪೂರ್ತಿ ಬಂದ್ ಅನ್ನಲಿಲ್ಲ.

ಬಿಸಿಲು ಇಳಿದ ಮೇಲೆ ಛತ್ತಿಗೆ ಸುಣ್ಣ ಬಳಿಯಲು ಹತ್ತಿದೆ. ಬಿಳಿ ಛತ್ತು ಅಷ್ಟು ಕಾಯುವುದಿಲ್ಲ. ಪಾತ್ರೆ ತೊಳೆದ ನೀರಿನಲ್ಲೇ ಸುಣ್ಣ ಕಲಸಿದೆ. ಬಕೆಟ್ಟನ್ನು ನಾನೇ ಹೊತ್ತೆ, ಅರ್ಧರ್ಧವೇ, ಮೆಟ್ಟಿಲಿಗೊಮ್ಮೆ ನಿಂತು. ಒಂದಿಷ್ಟು ಉಳಿಯಿತು. ಹಿಂದಿನ ಮನೆಯ ತಗಡಿಗೆ ಕುಂಚ ಚಾಚಿದರೆ ಮುಟ್ಟುತ್ತಿತ್ತು, ಬಳಿದೆ. ತಗಡು ಡಬಡಬ ಸದ್ದು ಮಾಡಿತು. ನಾಗನಾಥ ಕಣ್ಣುಜ್ಜುತ್ತ ಹೊರಗೆ ಬಂದ. ಯಾರ ನಿದ್ದೆಗಾಗಿ ಖೋಕಾ ತಿರುಗಿ ಕಳಿಸಿದ್ದೆನೋ ಆ ನಿದ್ದೆಯನ್ನು ನಾನೇ ಕೆಡಿಸಿದ್ದೆ.

"ಸಿಸ್ಟರ್, ಏನ್ ಮಾಡ್ಲತ್ತೀರಿ?"

ಸುಣ್ಣ ಉಳಿದಿತ್ತು ಎಂದೆ. ಅವನು ನನ್ನ ಸೀರೆ ನೋಡಿದ, ಕೈ ನೋಡಿದ, ಏಣಿ ತಂದು ಹತ್ತಿ ಕುಂಚ ಇಸಿದುಕೊಂಡ. ಪಾಳಿಗೆ ಹೋಗುವ ಮುಂಚೆ ತಗಡಿನ ಉಳಿದ ಭಾಗ ಮುಗಿಸಿದ. ನನ್ನ ಸೀರೆಯ ತುಂಬ ಬಿಳಿ ಕಲೆ ಬಿದ್ದಿತ್ತು. ಅದನ್ನು ಜಾಡಿಸಿ ಮತ್ತೆ ನಾಳೆಗೂ ಉಡಲು ಮೊಳೆಗೆ ಹಾಕಿದೆ.

ದಿನದ ಕೊನೆಯ ಕೆಲಸ ಮಂಚ ಸಾಗಿಸುವುದು. ಒಂದು ತುದಿ ರೇಣುಕಾ ಹಿಡಿದಳು, ಇನ್ನೊಂದು ತುದಿ ನಾನು. ಹೊಸ್ತಿಲು ದಾಟಿಸಿ, ಮಷೀನಿನ ಪಕ್ಕ ಇಳಿಸಿ, ಭಾರ ಇಬ್ಬರಿಗೂ ಸಮ ಇತ್ತೇನು ಎಂದು ಕೇಳಿದೆ.

ಅವಳು ಸೊಂಟಕ್ಕೆ ಕೈಯಿಟ್ಟು ಉಸಿರು ತಗೊಂಡಳು. "ನಿಮ್ಮ ಕಡಿ ಜರಾ ಹಗೂರಿತ್ತರಿ ಅತ್ತಿ."