ಕೋಟೆಯ ಕೋರ್ಟು ನೋಡಲು ಬಂದ ನೀಮಾ

ನಮ್ಮ ಎಚ್.ಡಿ. ಕೋಟೆಗೆ ಬಂದ ಅತಿಥಿಗಳನ್ನು ನಾವು ಕಬಿನಿ ಹಿನ್ನೀರಿಗೆ ಕರೆದೊಯ್ದು, ಆನೆ ಕಾಣದಿದ್ದರೆ ಆನೆಯ ಲದ್ದಿಯನ್ನಾದರೂ ತೋರಿಸಿ ಕೃತಾರ್ಥರಾಗುತ್ತೇವೆಯೇ ಹೊರತು, ಇಲ್ಲಿನ ಕೋರ್ಟನ್ನು ತೋರಿಸುವ ವಿಚಾರ ಯಾರ ತಲೆಗೂ ಹೊಳೆದದ್ದಿಲ್ಲ. ನಿತ್ಯವೂ ಕರಿಕೋಟು ತೊಟ್ಟು ಅಲ್ಲಿಗೇ ಹೋಗುವ ವಕೀಲೆಯಾದ ನನಗೂ ಹೊಳೆದಿರಲಿಲ್ಲ. ಹಾಗಾಗಿ, ಮೈಸೂರಿನಲ್ಲಿ ನನ್ನ ಮಗಳೊಂದಿಗೆ ಕಾನೂನು ಓದುತ್ತ ಕನ್ನಡವನ್ನೂ ಕಲಿತಿದ್ದ ತಾಂಜಾನಿಯಾದ ನೀಮಾ ರಜೆಗೆ ಬಂದವಳು, "ಆಂಟಿ, ಆನೆ ನಮ್ಮ ದೇಶದಲ್ಲೂ ಇದೆ. ನಂಗೆ ನಿಮ್ಮ ಕೋರ್ಟ್ ತೋರಿಸಿ" ಎಂದಾಗ, ನೆಂಟರು ಪಡಸಾಲೆ ಬಿಟ್ಟು ಉಗ್ರಾಣ ನೋಡಬೇಕೆಂದಷ್ಟು ಗಾಬರಿಯಾಯಿತು.

ಕೊನೆಗೆ ಅವಳನ್ನು ಕರೆದೊಯ್ದಂದು ನನ್ನದು ಹಂಪಾಪುರದ ಕಡೆಯ ನಿಂಗಮ್ಮನ ಕೇಸು. ಅವಳ ಹೊಲದ ದಾರಿ ಅಣ್ಣ ಸಿದ್ದೇಗೌಡರ ಜಮೀನಿನಲ್ಲಿ ಹಾದುಹೋಗುತ್ತದೆ. ಯಾವುದೋ ಮಾತಿಗೆ ಮುನಿದ ಅಣ್ಣ ಅಲ್ಲಿ ಮುಳ್ಳು ಹಾಕಿಸಿದ್ದರು. ಗಾಡಿ ಹೋಗದೆ ಅವಳು ಬೆಳೆಯನ್ನೆಲ್ಲ ತಲೆಹೊರೆಯಲ್ಲೇ ಸುತ್ತುಬಳಸಿ ತರುತ್ತಿದ್ದಳು. ವರ್ಷಗಳಿಂದ ಇಬ್ಬರೂ ಮಾತಾಡುತ್ತಿದ್ದದ್ದು ವಕೀಲರ ಬಾಯಿಂದಲೇ.

ನಿಂಗಮ್ಮ ಸಾಕ್ಷಿ ಹೇಳಬೇಕಿದ್ದ ದಿನವದು. ಜವಾನ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರೂ ಅವಳ ಸುಳಿವಿಲ್ಲ. ಸಿದ್ದೇಗೌಡರಿಲ್ಲ, ನನ್ನ ಹಿಂದೆ ಕೂತಿದ್ದ ನೀಮಾಳೂ ಇಲ್ಲ! ಕೇಸೇ ಬಿದ್ದುಹೋದೀತೆಂದು ಹೆದರಿ, ನ್ಯಾಯಾಧೀಶರಲ್ಲಿ ಕೊಂಚ ಸಮಯ ಬೇಡಿ ಹೊರಗೋಡಿದೆ.

ಎದುರಿನ ಕ್ಯಾಂಟೀನಿನಲ್ಲಿ ವಾದಿ, ಪ್ರತಿವಾದಿ, ನಡುವೆ ವಡೆ ತಿನ್ನುತ್ತ ನೀಮಾ.

"ಕಡಲಾಚೆಯಿಂದ ಬಂದವ್ಳೆ ಕಣಮ್ಮಿ, ನಮ್ಮನೇಲಿ ಉಣ್ಲಿ" ಎಂದರು ಸಿದ್ದೇಗೌಡರು.

"ಅದೆಂಗಾಯ್ತದೆ? ಮೊದ್ಲು ಮಾತಾಡ್ಸಿದ್ದು ನಾನು. ನನ್ ಹೊಲದ ಅವರೆಕಾಯಿ ತಿನ್ನಿಸ್ತೀನಿ ಅಂದಿವ್ನಿ" ಎಂದಳು ನಿಂಗಮ್ಮ.

"ಆಂಟಿ, ಇವರು ಅಣ್ಣ ತಂಗಿ ಅಂತೆ. ಎಷ್ಟು ಚೆನ್ನಾಗಿ ಜಗಳ ಆಡ್ತಾರೆ!" ಎಂದು ನೀಮಾ ನಕ್ಕಳು.

ಊಟ ಅಣ್ಣನ ಮನೆಯಲ್ಲಿ, ಅವರೆಕಾಯಿ ತಂಗಿಯ ಹೊಲದಲ್ಲಿ ಎಂದೆ. ನನ್ನ ವೃತ್ತಿಜೀವನದಲ್ಲಿ ಉಭಯಪಕ್ಷಗಳೂ ತಕರಾರಿಲ್ಲದೆ ಒಪ್ಪಿದ ವಾದ ಅದೊಂದೇ. ವಿಷಯ ಕೇಳಿದ ನ್ಯಾಯಾಧೀಶರು ನಗು ತಡೆದುಕೊಂಡು, ಮಾತಾಡಿಕೊಂಡು ಬನ್ನಿರೆಂದು ಮುಂದಿನ ವಾಯಿದೆ ಕೊಟ್ಟರು.

ಸಿದ್ದೇಗೌಡರ ಮನೆಯಲ್ಲಿ ನೀಮಾ ಲೀಲಾಜಾಲವಾಗಿ ಮುದ್ದೆ ಮುರಿದಳು. "ನಮ್ಮಲ್ಲಿ ಇದು ಉಗಾಲಿ. ಮುಸುಕಿನ ಜೋಳದ ಹಿಟ್ಟಿಂದು" ಎಂದದ್ದೇ ತಡ, ಅಣ್ಣ ತಂಗಿ ಪೈಪೋಟಿಯ ಮೇಲೆ ಸಾರು ಬಡಿಸಿದರು.

ಊಟ ಮುಗಿಸಿ ಹೊಲದತ್ತ ಹೊರಟೆವು. ಮುಳ್ಳಿನ ಬಳಿ ಎಲ್ಲರ ಕಾಲೂ ನಿಂತಿತು.

"ಇಲ್ಲಿ ದಾರಿ ಇಲ್ವಾ?" ಎಂದಳು ನೀಮಾ.

ನಿಂಗಮ್ಮ ನೆಲ ನೋಡುತ್ತ ನಿಂತಳು. ನನ್ನ ನಾಲಗೆಯ ತುದಿಗೆ ಬಂದಿದ್ದ ಕಾನೂನಿನ ಕಲಮನ್ನು, ಪುಣ್ಯಕ್ಕೆ, ನುಂಗಿಕೊಂಡೆ.

"ಒಸಿ ಪಕ್ಕಕ್ ನಿಂತ್ಕೊ ಮಗಾ" ಎಂದ ಸಿದ್ದೇಗೌಡರು ಪಂಚೆ ಎತ್ತಿಕಟ್ಟಿ, ಬರಿಗೈಯಲ್ಲೇ ಮುಳ್ಳುಕಂಟಿಗಳನ್ನು ಎಳೆದೆಳೆದು ಬದುವಿಗೆ ಎಸೆದರು. ನೀಮಾ ದಾಟಿದಳು. ಅವಳ ಹಿಂದೆ ದಾಟಿದ ನಿಂಗಮ್ಮ ತಿರುಗಿ ನಿಂತು, "ಕೈಗೇನಾರ ಚುಚ್ತೇನಣ್ಣಾ?" ಎಂದಳು.

"ಚುಚ್ಚುದ್ರೆ ಚುಚ್ಲಿ ಬುಡು. ನಡಿ, ಹೊತ್ತು ಇಳೀತಾ ಅದೆ."

ಮುಂದಿನ ವಾಯಿದೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ರಾಜಿಗೆ ಹೆಬ್ಬೆಟ್ಟೊತ್ತಿದರು. ಒಬ್ಬ ಕಕ್ಷಿಗಾರ್ತಿಯನ್ನು ಕಳೆದುಕೊಂಡ ನಾನು ಹಿಗ್ಗುತ್ತ ಕಾಗದ ಮಡಿಸುತ್ತಿದ್ದರೆ, ಅವರು ನನ್ನ ಬೆನ್ನ ಹಿಂದೆ ಇಣುಕಿ ಒಟ್ಟಿಗೇ ಕೇಳಿದರು:

"ಲಾಯರಮ್ಮಾ, ನೀಮವ್ವ ಬರಾಕಿಲ್ವಾ?"